ಗೊರಕೆ ಹೊಡೆಯೋರ ಸಿಆರ್‌ಪಿ ಯಾಕೆ ಜಾಸ್ತಿ ಇರುತ್ತೆ?

ದಾವಣಗೆರೆ ದೇವರಾಜ ಅರಸು ಬಡಾವಣೆಯಿಂದ ಮಾತಾಡ್ತಾ ಇದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ಆಫ್ ಮಾಡಿದ್ರೆ ಈ ಸಂಚಿಕೆ ಮುಗಿಯೋದ್ರೊಳಗೆ ನಾನೇ ಬೆವರಿ ಕರಗಿ ಹೋಗ್ತೀನಿ.

ಇವತ್ತಿನ ವಿಷಯ ಹರಿಹರದ ಒಬ್ಬ ಕೇಳುಗರು ಕಳಿಸಿದ ವಾಯ್ಸ್ ನೋಟ್‌ನಿಂದ ಬಂದಿದ್ದು. ಅವರು ಹೇಳಿದ್ದಿಷ್ಟು: "ನಮ್ಮನೆಯವರು ಗೊರಕೆ ಹೊಡೀತಾರೆ. ಮಧ್ಯದಲ್ಲಿ ಉಸಿರೇ ನಿಂತಂಗಾಗಿ, ಆಮೇಲೆ ಎಗರಿ ಬಿದ್ದು ಉಸಿರು ಎಳ್ಕೊಳ್ತಾರೆ. ಸ್ಲೀಪ್ ಟೆಸ್ಟ್ ಮಾಡಿಸ್ರಿ ಅಂದ್ರೆ ಒಪ್ಪಲ್ಲ. ಹೆಲ್ತ್ ಚೆಕಪ್ ಪ್ಯಾಕೇಜ್‌ನಲ್ಲಿ ಸಿಆರ್‌ಪಿ ಜಾಸ್ತಿ ಬಂದಿದೆ. ಆ ರಕ್ತದ ರಿಪೋರ್ಟ್‌ನಲ್ಲೇ ಇದೆಲ್ಲ ಗೊತ್ತಾಗಲ್ವಾ?"

ಒಳ್ಳೆ ಪ್ರಶ್ನೆ ಅಕ್ಕಾ. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಈ ವಿಷಯದಲ್ಲಿ ಅರ್ಧ ಗೊಂದಲ ಲೆಕ್ಕದ್ದೇ, ಹಂಗಾಗಿ ಧೈರ್ಯ ಮಾಡಿದೀನಿ.

ಸಿಆರ್‌ಪಿ ಅನ್ನೋ ಮೂರಕ್ಷರ ನಮ್ಮೂರಿನ ಮನೆಮನೆಗೂ ಪರಿಚಯ ಆಗಿದ್ದು ಕೊರೊನಾ ಕಾಲದಲ್ಲಿ. 2021ರ ಎರಡನೇ ಅಲೆಯಲ್ಲಿ ಫೆರಿಟಿನ್, ಡಿ-ಡೈಮರ್, ಸಿಆರ್‌ಪಿ ಅಂತ ವಾಟ್ಸಾಪ್‌ನಲ್ಲಿ ರಿಪೋರ್ಟ್ ಓಡಾಡ್ತಿದ್ವು. ಅಡಿಕೆ ರೇಟ್ ಮಾತಾಡೋ ಹಂಗೆ ಜನ ಸಿಆರ್‌ಪಿ ಎಷ್ಟು ಅಂತ ಮಾತಾಡ್ತಿದ್ರು. ಇದು ಹೊಸದೇನಲ್ಲ. 1930ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಅನ್ನೋ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನ ಗುರುತಿಸಿದರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ 'ಸಿ' ಅನ್ನೋ ಅಂಶಕ್ಕೆ ಅಂಟಿಕೊಳ್ಳುತ್ತೆ ಅನ್ನೋ ಕಾರಣಕ್ಕೆ ಸಿ-ರಿಯಾಕ್ಟಿವ್ ಪ್ರೋಟೀನ್ ಅಂತ ಹೆಸರು ಬಂತು. ಇದನ್ನ ತಯಾರು ಮಾಡೋದು ಲಿವರ್. ಆರ್ಡರ್ ಕೊಡೋದು ಮುಖ್ಯವಾಗಿ ಐಎಲ್-6, ಅಂದ್ರೆ ಇಂಟರ್‌ಲ್ಯೂಕಿನ್-6 ಅನ್ನೋ ಸಂದೇಶವಾಹಕ. ದೇಹದಲ್ಲಿ ಎಲ್ಲೋ ಉರಿಯೂತ ಆಗಿದೆ ಅಂತ ಸುದ್ದಿ ಬಂದ್ರೆ ಲಿವರ್ ಸಿಆರ್‌ಪಿ ಉತ್ಪಾದನೆ ಏರಿಸುತ್ತೆ.

ಸರಿ, ಸೋಂಕಿಗೆ ಏರುತ್ತೆ, ಒಪ್ಪೋಣ. ಗೊರಕೆಗ್ಯಾಕೆ ಏರಬೇಕು?

ಎಲ್ಲಾ ಗೊರಕೆಗೂ ಅಲ್ಲ. ನಾವು ಮಾತಾಡ್ತಿರೋದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಬಗ್ಗೆ. ನಾಲಿಗೆಯ ಹಿಂದಿನ ಗಂಟಲ ದಾರಿಗೆ ಮೂಳೆಯ ಚೌಕಟ್ಟಿಲ್ಲ, ಅದನ್ನ ತೆರೆದಿಡೋದು ಸ್ನಾಯುಗಳು. ನಿದ್ದೆಯಲ್ಲಿ ಸ್ನಾಯು ಸಡಿಲ ಆಗುತ್ತೆ. ದಾರಿ ಮೊದಲೇ ಕಿರಿದಾಗಿದ್ರೆ ಪೂರ್ತಿ ಮುಚ್ಚಿಕೊಳ್ಳುತ್ತೆ. ಎದೆ ಉಸಿರು ಎಳೆಯೋಕೆ ಒದ್ದಾಡ್ತಿರುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ. ಮೆದುಳು ಅರೆಕ್ಷಣ ಎಚ್ಚರ ಆಗಿ ಸ್ನಾಯುಗಳನ್ನ ಬಿಗಿ ಮಾಡುತ್ತೆ, "ಘರ್" ಅಂತ ಉಸಿರು ಬರುತ್ತೆ, ಮತ್ತೆ ನಿದ್ದೆ. ಕನಿಷ್ಠ 10 ಸೆಕೆಂಡ್ ಉಸಿರು ನಿಂತ್ರೆ ಅದನ್ನ ಒಂದು ಘಟನೆ ಅಂತ ಎಣಿಸ್ತಾರೆ. ಉಸಿರು ಪೂರ್ತಿ ನಿಲ್ಲದೆ ಅರ್ಧಂಬರ್ಧ ಆದದ್ದೂ ಲೆಕ್ಕಕ್ಕೆ ಸೇರುತ್ತೆ. ಗಂಟೆಗೆ 5ರಿಂದ 15 ಇದ್ರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದ್ರೆ ತೀವ್ರ. ಗಂಟೆಗೆ 30 ಅಂದ್ರೆ ಏಳು ಗಂಟೆ ನಿದ್ದೆಗೆ 210 ಸಲ. ಬೆಳಗ್ಗೆ ಎದ್ದಾಗ ಆ ಮನುಷ್ಯನಿಗೆ ಒಂದೂ ನೆನಪಿರಲ್ಲ. "ನಾನು ಚೆನ್ನಾಗಿ ನಿದ್ದೆ ಮಾಡಿದೀನಿ, ನಿಂಗೇನ್ ಗೊತ್ತು" ಅಂತ ಹೆಂಡತಿಗೇ ಜೋರು ಮಾಡ್ತಾನೆ!

ಈಗ ಒಳಗೆ ಏನಾಗುತ್ತೆ ನೋಡ್ರಿ. ಕರೆಂಟ್ ಪೂರ್ತಿ ಹೋದ್ರೆ ಫ್ರಿಜ್‌ಗೆ ತೊಂದರೆ ಇಲ್ಲ, ಸುಮ್ಮನೆ ನಿಲ್ಲುತ್ತೆ. ನಿಮಿಷಕ್ಕೊಂದು ಸಲ ಹೋಗಿ ಬಂದು ಮಾಡಿದ್ರೆ ಮೋಟಾರೇ ಸುಟ್ಟೋಗುತ್ತೆ. ಆಕ್ಸಿಜನ್ ಕಥೆಯೂ ಸ್ವಲ್ಪ ಹಂಗೇ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಆಕ್ಸಿಜನ್ ಸದಾ ಕಮ್ಮಿ ಇರುತ್ತೆ, ಅದಕ್ಕೆ ಹೊಂದಿಕೊಳ್ಳೋ ವ್ಯವಸ್ಥೆ ಜೀವಕೋಶಗಳಿಗಿದೆ. ಆ ವ್ಯವಸ್ಥೆ ಕಂಡುಹಿಡಿದವರಿಗೇ 2019ರ ವೈದ್ಯಕೀಯ ನೊಬೆಲ್ ಬಂದಿದ್ದು. ಆದ್ರೆ ಆಪ್ನಿಯಾದಲ್ಲಿ ಆಕ್ಸಿಜನ್ ಇಳಿಯುತ್ತೆ, ಏರುತ್ತೆ, ಇಳಿಯುತ್ತೆ, ಏರುತ್ತೆ. 2005ರಲ್ಲಿ ಐರ್ಲೆಂಡ್‌ನ ಒಂದು ತಂಡ ಪ್ರಯೋಗಾಲಯದಲ್ಲಿ ಜೀವಕೋಶಗಳಿಗೆ ಹೀಗೇ ಮಾಡಿ ನೋಡ್ತು. ಹೊಂದಿಕೊಳ್ಳೋ ವ್ಯವಸ್ಥೆಗಿಂತ ಹೆಚ್ಚಾಗಿ ಎನ್‌ಎಫ್-ಕಪ್ಪಾಬಿ ಅನ್ನೋ ಉರಿಯೂತದ ಸ್ವಿಚ್ ಆನ್ ಆಯ್ತು. ಆ ಸ್ವಿಚ್ ಬಿದ್ರೆ ಟಿಎನ್‌ಎಫ್-ಆಲ್ಫಾ, ಐಎಲ್-6 ಇಂಥವು ಹೊರಗೆ ಬರ್ತವೆ. ಐಎಲ್-6 ಬಂತು ಅಂದ್ರೆ ಲಿವರ್‌ಗೆ ಆರ್ಡರ್ ಹೋಯ್ತು, ಸಿಆರ್‌ಪಿ ಬಂತು. ರಕ್ತನಾಳದ ಒಳಗೋಡೆಗೆ ಈ ಉರಿಯೂತ ವರ್ಷಗಟ್ಟಲೆ ತಾಗ್ತಾ ಇರೋದು ಒಳ್ಳೇದಲ್ಲ, ಅದಕ್ಕೇ ಹೃದಯದ ಡಾಕ್ಟರುಗಳೂ ನಿದ್ದೆ ಬಗ್ಗೆ ತಲೆ ಕೆಡಿಸ್ಕೊಂಡಿದ್ದು.

2002ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 22 ಆಪ್ನಿಯಾ ರೋಗಿಗಳನ್ನೂ, ವಯಸ್ಸು ತೂಕ ಹೊಂದುವ 20 ಆರೋಗ್ಯವಂತರನ್ನೂ ಹೋಲಿಸಿದ್ರು. ರೋಗಿಗಳಲ್ಲಿ ಸಿಆರ್‌ಪಿ ಸ್ಪಷ್ಟವಾಗಿ ಜಾಸ್ತಿ ಇತ್ತು. ಎಲ್ಲರೂ "ಸಿಕ್ತು!" ಅಂದ್ರು.

ಇಲ್ಲಿಂದ ಮುಂದೆ ನನ್ನ ಸಬ್ಜೆಕ್ಟ್ ಶುರು. ಅಂಗಡಿ ಲೆಕ್ಕದಲ್ಲಿ ಸಂಡ್ರಿ ಎಕ್ಸ್‌ಪೆನ್ಸಸ್ ಅಂತ ಒಂದು ಸಾಲು ಇರುತ್ತಲ್ಲ, ಚಿಲ್ಲರೆ ಖರ್ಚು. ಅದು ಏರಿದೆ ಅಂತ ಕಾಣುತ್ತೆ, ಟೀ ಖರ್ಚಿಗೆ ಏರ್ತೋ ಹಮಾಲಿಗೆ ಏರ್ತೋ ಆ ಸಾಲು ನೋಡಿ ಹೇಳೋಕಾಗಲ್ಲ. ಸಿಆರ್‌ಪಿ ಅಂದ್ರೆ ದೇಹದ ಸಂಡ್ರಿ ಎಕ್ಸ್‌ಪೆನ್ಸಸ್. ಹಲ್ಲಿನ ವಸಡು ಊದಿದ್ರೂ ಅಲ್ಲೇ ಬೀಳುತ್ತೆ, ಬೀಡಿ ಸಿಗರೇಟಿಗೂ ಅಲ್ಲೇ, ಸಂಧಿವಾತಕ್ಕೂ ಅಲ್ಲೇ, ಹೋದ ವಾರದ ನೆಗಡಿಗೂ ಅಲ್ಲೇ. ಇದರಲ್ಲಿ ಬಹಳ ದೊಡ್ಡ ಬಾಬ್ತು ಹೊಟ್ಟೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಬಿದ್ದಿರೋ ಗೋಡೌನ್ ಅಲ್ಲ, ತಾನೇ ಐಎಲ್-6 ತಯಾರಿಸುತ್ತೆ. ಆಪ್ನಿಯಾ ಇರೋರಲ್ಲಿ ಬಹಳಷ್ಟು ಜನಕ್ಕೆ ಹೊಟ್ಟೆನೂ ಇರುತ್ತೆ. ಹಂಗಾದ್ರೆ ಸಿಆರ್‌ಪಿ ಏರಿಸಿದ್ದು ಉಸಿರೋ, ಹೊಟ್ಟೆಯೋ? ಮೇಯೋದವರು ತೂಕ ಹೊಂದಿಸಿದ್ರು ನಿಜ, ಆದ್ರೆ ಒಂದೇ ಬಿಎಂಐ ಇರೋ ಇಬ್ಬರಲ್ಲಿ ಒಬ್ಬನ ಕೊಬ್ಬು ತೊಡೆಯಲ್ಲಿರಬಹುದು, ಇನ್ನೊಬ್ಬನದು ಹೊಟ್ಟೆಯಲ್ಲಿ.

2007ರಲ್ಲಿ ವಿಸ್ಕಾನ್ಸಿನ್‌ನ ನಿದ್ದೆ ಅಧ್ಯಯನದ ಸುಮಾರು 900 ಜನರ ರಕ್ತ ನೋಡಿದಾಗ, ಬೊಜ್ಜು ಮುಂತಾದವನ್ನ ಲೆಕ್ಕದಿಂದ ಕಳೆದ ಮೇಲೆ ಸಿಆರ್‌ಪಿಗೂ ಆಪ್ನಿಯಾಗೂ ಸಂಬಂಧ ಉಳಿಯಲಿಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ಉಳಿದಿದೆ. ಜಗಳ ನಡೀತಾನೇ ಬಂತು.

ನನ್ನ ಪ್ರಕಾರ ಈ ಜಗಳದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮಾತಾಡಿದ್ದು 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪ್ರಯೋಗ. ಬೊಜ್ಜು, ಆಪ್ನಿಯಾ ಎರಡೂ ಇದ್ದು, ಸಿಆರ್‌ಪಿ 1ಕ್ಕಿಂತ ಜಾಸ್ತಿ ಇದ್ದ 181 ಜನರನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಸಿಪ್ಯಾಪ್, ಅಂದ್ರೆ ಮೂಗಿನ ಮಾಸ್ಕ್‌ನಿಂದ ಗಾಳಿ ಒತ್ತಿ ಗಂಟಲು ತೆರೆದಿಡೋ ಯಂತ್ರ. (ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಐಡಿಯಾ ಇದು.) ಇನ್ನೊಂದು ಗುಂಪಿಗೆ ತೂಕ ಇಳಿಸೋ ಕಾರ್ಯಕ್ರಮ. ಮೂರನೇದಕ್ಕೆ ಎರಡೂ. 24 ವಾರ ಆದ ಮೇಲೆ ನೋಡಿದ್ರೆ, ತೂಕ ಇಳಿಸಿದ ಎರಡೂ ಗುಂಪಲ್ಲಿ ಸಿಆರ್‌ಪಿ ಇಳಿದಿತ್ತು. ಬರೀ ಯಂತ್ರ ಹಾಕ್ಕೊಂಡ ಗುಂಪಲ್ಲಿ ಇಳಿದಿರಲಿಲ್ಲ. ಉಸಿರು ಸರಿ ಆಯ್ತು, ಸಿಆರ್‌ಪಿ ಅಲ್ಲಾಡಲಿಲ್ಲ! ಇಂಥವರ ಸಿಆರ್‌ಪಿಯಲ್ಲಿ ದೊಡ್ಡ ಪಾಲು ಹೊಟ್ಟೆಯದ್ದು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಇಲ್ಲ ಅಂತ ನಂಗನ್ಸುತ್ತೆ. ಯಂತ್ರವನ್ನ ದಿನಾ ನಾಲ್ಕು ಗಂಟೆಗಿಂತ ಜಾಸ್ತಿ, ತಿಂಗಳುಗಟ್ಟಲೆ ಬಳಸಿದವರಲ್ಲಿ ಸ್ವಲ್ಪ ಇಳಿಯುತ್ತೆ ಅಂತ ಹಲವು ಅಧ್ಯಯನ ಕೂಡಿಸಿ ನೋಡಿದವರು ಹೇಳ್ತಾರೆ. ಹಂಗಾಗಿ ಉಸಿರಿನ ಪಾಲು ಸೊನ್ನೆ ಅಂತ ನಾನೂ ಹೇಳಲ್ಲ.

2024ರಲ್ಲಿ ಟಿರ್ಜೆಪಟೈಡ್ ಅನ್ನೋ ತೂಕ ಇಳಿಸೋ ಇಂಜೆಕ್ಷನ್ ಪ್ರಯೋಗದಲ್ಲೂ ಹಿಂಗೇ: ತೂಕ ಇಳಿದಂಗೆ ಗಂಟೆಗೆ ಉಸಿರು ನಿಲ್ಲೋದು ಸರಾಸರಿ 25ಕ್ಕೂ ಹೆಚ್ಚು ಸಲ ಕಮ್ಮಿ ಆಯ್ತು, ಸಿಆರ್‌ಪಿನೂ ಇಳೀತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕ ಇದನ್ನ ಆಪ್ನಿಯಾಗೆ ಒಪ್ಪಿತು. ಆ ಇಂಜೆಕ್ಷನ್ ಈಗ ಭಾರತದಲ್ಲೂ ಮಾರಾಟಕ್ಕಿದೆ. ಜಾಹೀರಾತು ನೋಡಿ ತಗೋಬೇಡ್ರಪ್ಪಾ, ಡಾಕ್ಟರ್ ಚೀಟಿ ಬೇಕೇ ಬೇಕು.

ಇನ್ನು ನಿಮ್ಮ ಕೈಯಲ್ಲಿರೋ ರಿಪೋರ್ಟ್. ಹೃದಯದ ಅಪಾಯ ನೋಡೋಕೆ ಬಳಸೋದು ಎಚ್‌ಎಸ್-ಸಿಆರ್‌ಪಿ. ಪ್ರೋಟೀನ್ ಅದೇ, ಸಣ್ಣ ಪ್ರಮಾಣವನ್ನೂ ಅಳೆಯೋ ಸೂಕ್ಷ್ಮ ತಕ್ಕಡಿ ಅಷ್ಟೇ. ಲೀಟರಿಗೆ 1 ಮಿಲಿಗ್ರಾಂಗಿಂತ ಕಮ್ಮಿ ಇದ್ರೆ ಕಡಿಮೆ ಅಪಾಯ, 1ರಿಂದ 3 ಸಾಧಾರಣ, 3ರ ಮೇಲೆ ಹೆಚ್ಚು. 10 ದಾಟಿದ್ರೆ ಸೋಂಕು ಏನಾದ್ರೂ ಇದೆಯಾ ಅಂತ ಮೊದಲು ಹುಡುಕಬೇಕು, ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಭಾವನವರದ್ದು 4 ಇದೆ ಅಂತ ಇಟ್ಕೊಳ್ಳಿ, ಅದರಿಂದ ಆಪ್ನಿಯಾ ಇದೆ ಅಂತ ಹೇಳೋಕಾಗಲ್ಲ. ಅದಕ್ಕಿಂತ ಮುಖ್ಯ, 0.8 ಬಂದಿದ್ರೂ ಇಲ್ಲ ಅಂತ ಹೇಳೋಕಾಗಲ್ಲ. ನಂಗೆ ಭಯ ಇರೋದು ಈ ಎರಡನೇದರ ಬಗ್ಗೆ. "ರಕ್ತ ಎಲ್ಲಾ ನಾರ್ಮಲ್" ಅಂತ ರಿಪೋರ್ಟ್ ತೋರಿಸ್ಕೊಂಡು, ಮಾರನೇ ದಿನ ಹೈವೇಲಿ ತೂಕಡಿಸ್ತಾ ಲಾರಿ ಓಡಿಸೋ ಮನುಷ್ಯ ನಮ್ಮೂರಲ್ಲಿಲ್ವಾ? ಐಎಲ್-6, ಟಿಎನ್‌ಎಫ್, ಬಿಳಿ ರಕ್ತಕಣಗಳ ಅನುಪಾತ ಇವೆಲ್ಲ ಸಂಶೋಧನೆಗೆ ಚೆಂದ. ರೋಗ ಪತ್ತೆಗೆ ಅಂತ ಇವುಗಳಿಗೆ ದುಡ್ಡು ಸುರಿಯೋದು ದಂಡ.

ಪತ್ತೆ ಆಗೋದು ನಿದ್ದೆಯನ್ನ ಅಳೆದಾಗಲೇ. ಏಮ್ಸ್ ತಂಡ 2023ರಲ್ಲಿ ದೇಶದ ಅಧ್ಯಯನಗಳನ್ನ ಒಟ್ಟುಗೂಡಿಸಿ, ಭಾರತದ ವಯಸ್ಕರಲ್ಲಿ ಶೇ 11ರಷ್ಟು ಜನಕ್ಕೆ ಆಪ್ನಿಯಾ ಇದೆ ಅಂತ ಅಂದಾಜು ಮಾಡಿತು. ಗಂಡಸರಲ್ಲಿ ಶೇ 13, ಹೆಂಗಸರಲ್ಲಿ ಶೇ 5. ಬಪ್ಪಿ ಲಹರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರ ಡಾಕ್ಟರು ಈ ಕಾಯಿಲೆ ಹೆಸರು ಹೇಳಿದ್ರಲ್ಲ, ಆವಾಗ ಎರಡು ದಿನ ಚರ್ಚೆ ಆಯ್ತು, ಆಮೇಲೆ ಎಲ್ಲರೂ ಮರೆತ್ರು.

ಕಾಸಿಲ್ಲದೆ ಮನೇಲೇ ಮಾಡಬಹುದಾದ್ದು ಸ್ಟಾಪ್-ಬ್ಯಾಂಗ್ ಅನ್ನೋ ಎಂಟು ಪ್ರಶ್ನೆ. ಜೋರು ಗೊರಕೆ ಇದೆಯಾ? ಹಗಲು ಸುಸ್ತಾ? ಉಸಿರು ನಿಂತಿದ್ದನ್ನ ಯಾರಾದ್ರೂ ನೋಡಿದಾರಾ? ಬಿಪಿ ಇದೆಯಾ? ಬಿಎಂಐ 35ಕ್ಕಿಂತ ಜಾಸ್ತಿನಾ? ವಯಸ್ಸು 50 ದಾಟಿದೆಯಾ? ಕತ್ತಿನ ಸುತ್ತಳತೆ 40 ಸೆಂಟಿಮೀಟರ್‌ಗಿಂತ ಹೆಚ್ಚಾ? ಗಂಡಸಾ? ಮೂರು ಹೌದು ಬಂದ್ರೆ ಡಾಕ್ಟರ್ ಹತ್ರ ಹೋಗಿ, ಐದು ಬಂದ್ರೆ ತಡ ಮಾಡಬೇಡಿ. ಅಕ್ಕಾ, ನೀವು ವಾಯ್ಸ್ ನೋಟ್‌ನಲ್ಲಿ ಹೇಳಿದ್ದರಲ್ಲೇ ಮೂರು ಹೌದು ಆಗಿದೆ: ಗೊರಕೆ, ಉಸಿರು ನಿಲ್ಲೋದು, ಗಂಡಸು.

ಯಂತ್ರ ಸಿಕ್ಕ ಮೇಲೆ ಸಿಆರ್‌ಪಿ ಇಳೀಲಿಲ್ಲ ಅಂತ ಅದನ್ನ ಅಟ್ಟಕ್ಕೆ ಹಾಕೋರೂ ಇದಾರೆ. ಯಂತ್ರದ ಕೆಲಸ ಹಗಲಿನ ತೂಕಡಿಕೆ ಹೋಗಿಸೋದು, ಬಿಪಿ ಸ್ವಲ್ಪ ಇಳಿಸೋದು. ಹೃದಯಾಘಾತ ತಡೆಯುತ್ತಾ ಅಂತ ನೋಡಿದ 2016ರ ಸೇವ್ ಪ್ರಯೋಗದಲ್ಲಿ ಭಾರತವೂ ಸೇರಿ ಏಳು ದೇಶಗಳ 2,717 ಜನ ಇದ್ರು. ತಡೆಯಲಿಲ್ಲ ಅಂತ ಬಂತು. ಆದ್ರೆ ಅವರು ಸರಾಸರಿ ಮಾಸ್ಕ್ ಹಾಕಿದ್ದು ರಾತ್ರಿಗೆ 3.3 ಗಂಟೆ ಮಾತ್ರ. ಅರ್ಧ ಕೋರ್ಸ್ ಮಾತ್ರೆ ನುಂಗಿ ಜ್ವರ ಬಿಡ್ಲಿಲ್ಲ ಅಂದಂಗೆ ಆಯ್ತೋ ಏನೋ, ಆ ವಾದ ಇನ್ನೂ ಮುಗಿದಿಲ್ಲ.

ಭಾವನವರು ಒಪ್ಪಲ್ಲ ಅಂದ್ರಲ್ಲ, ಅದಕ್ಕೊಂದು ಉಪಾಯ. ಇವತ್ತು ರಾತ್ರಿ ಫೋನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ. ಗೊರಕೆ ನಿಂತು ಮೌನ ಆಗಿ ಮತ್ತೆ ಉಸಿರು ಎಳೆಯೋವರೆಗೂ ಆಫ್ ಮಾಡಬೇಡಿ. ಬೆಳಗ್ಗೆ ಅವರಿಗೇ ತೋರಿಸಿ. ಆಮೇಲೆ ಅದೇ ಫೋನ್ ತಗೊಂಡು ದಾವಣಗೆರೆಗೆ ಬನ್ನಿ. ಇಲ್ಲಿ ಎರಡು ಮೆಡಿಕಲ್ ಕಾಲೇಜಿದಾವೆ, ಎದೆರೋಗ ಅಥವಾ ಇಎನ್‌ಟಿ ಓಪಿಡಿಯಲ್ಲಿ ಚೀಟಿ ಮಾಡಿಸಿ. ರಕ್ತದ ರಿಪೋರ್ಟ್ ಚೀಲದಲ್ಲಿರಲಿ, ಮೊದಲು ವಿಡಿಯೋ ತೋರಿಸಿ.