ಬೆಕ್ಕಿಗೆ ಉಪವಾಸವಿಲ್ಲ

ಉಪವಾಸವೆಂಬುದು ನಮ್ಮ ಮನೆಗಳಲ್ಲಿ ಗೌರವದ ಮಾತು. ಶಿವರಾತ್ರಿಯಂದು ನಿರಾಹಾರವಾಗಿರುವವರು, ಶ್ರಾವಣದ ಸೋಮವಾರಗಳಲ್ಲಿ ಒಂದೇ ಹೊತ್ತು ಉಣ್ಣುವವರು ಇಂದಿಗೂ ಮನೆಮನೆಯಲ್ಲಿದ್ದಾರೆ. ಮೈ ಸರಿಯಿಲ್ಲವೆಂದರೆ ಒಂದು ಹೊತ್ತು ಲಂಘನ ಮಾಡಿರೆಂದು ಹಿರಿಯರು ಹೇಳುವುದುಂಟು. ಮನುಷ್ಯರಾದ ನಮಗೆ ಆ ಮಾತು ಎಷ್ಟೋ ಸಲ ಹಿತವನ್ನೇ ಮಾಡಿದೆ. ಆದರೆ ನಮ್ಮದೇ ಅಡುಗೆಮನೆಯ ಬಾಗಿಲಲ್ಲಿ ಕುಳಿತಿರುವ ಬೆಕ್ಕಿಗೆ ಇದೇ ಮಾತನ್ನು ಅನ್ವಯಿಸಿದರೆ ಅದರ ಜೀವಕ್ಕೇ ಅಪಾಯ ಒದಗುತ್ತದೆ. ಈ ಪಾಠವನ್ನು ನಾವು ಕಲಿತದ್ದು ಒಂದು ಬೆಕ್ಕನ್ನು ಕಳೆದುಕೊಂಡ ಮೇಲೆ. ಓದುಗ ಬಂಧುಗಳಿಗೆ ಹಾಗಾಗದಿರಲೆಂಬ ಆಶಯದಿಂದ ಈ ಲೇಖನ.

ಇಳಕಲ್ಲಿನ ನೇಕಾರರ ಮನೆಗಳಿಗೂ ಬೆಕ್ಕಿಗೂ ಹಳೆಯ ನಂಟು. ಗಂಜಿ ಹಚ್ಚಿದ ನೂಲು, ಸೆರಗಿನ ರೇಷ್ಮೆ, ಮೂಲೆಯಲ್ಲಿ ಜೋಳದ ಚೀಲ ಇವೆಲ್ಲ ಇರುವಲ್ಲಿ ಇಲಿಗಳ ಕಾಟ ತಪ್ಪದು. ಬಾದಾಮಿ, ಹುನಗುಂದದ ಕಡೆಯ ರೈತರ ಮನೆಗಳಲ್ಲಿಯೂ ಕಾಳುಕಡಿಯ ಕಾವಲು ಬೆಕ್ಕಿನದೇ. ನಮ್ಮ ಮನೆಯಲ್ಲಿಯೂ ಒಂದು ಬೆಕ್ಕಿತ್ತು. ಹಾಲು ರೊಟ್ಟಿ ತಿಂದು ಚೆನ್ನಾಗಿ ಕೊಬ್ಬಿತ್ತು. ಮನೆಯ ರಿಪೇರಿ ನಡೆದಿದ್ದಾಗ ಗದ್ದಲಕ್ಕೆ ಅಂಜಿ ಅಟ್ಟ ಸೇರಿತು, ಅನ್ನ ಬಿಟ್ಟಿತು. ನಾನು ಚಿಂತಿಸಿದಾಗ ಅತ್ತೆಯವರು, "ಅದೇನ ಮನಶ್ಯಾನ? ಹೊಟ್ಟಿ ಹಸದ್ರ ತಾನ ತಿಂತೈತಿ, ಸುಮ್ನ ಬಿಡವ್ವ" ಎಂದರು. ನಾನೂ ಸುಮ್ಮನಾದೆ. ಐದನೆಯ ದಿನ ಅದರ ಕಿವಿಯ ಒಳಭಾಗ, ವಸಡು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಪಶುವೈದ್ಯರ ಬಳಿಗೆ ಒಯ್ಯುವಷ್ಟರಲ್ಲಿ ಕಾಲ ಮೀರಿತ್ತು.

ಹಸಿದ ಬೆಕ್ಕಿನ ದೇಹದಲ್ಲಿ ಏನಾಗುತ್ತದೆ?

ಬೆಕ್ಕು ಸಂಪೂರ್ಣ ಮಾಂಸಾಹಾರಿ ಪ್ರಾಣಿ. ಆಹಾರ ಸಿಗದಿದ್ದಾಗಲೂ ಅದರ ದೇಹವು ಪ್ರೋಟೀನನ್ನು ಉರಿಸುತ್ತಲೇ ಇರುತ್ತದೆ. ಮನುಷ್ಯರ ದೇಹದಂತೆ ಮಿತವ್ಯಯ ಮಾಡಿಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಹೊಟ್ಟೆ ಬರಿದಾದಾಗ ಮೈಯಲ್ಲಿ ಶೇಖರವಾಗಿದ್ದ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಳ್ಳುತ್ತದೆ. ಅಷ್ಟು ಕೊಬ್ಬನ್ನು ವಿಲೇವಾರಿ ಮಾಡಲಾರದೆ ಆ ಅಂಗವೇ ಸೋಲುತ್ತದೆ, ಕಾಮಾಲೆ ಕಾಣಿಸಿಕೊಳ್ಳುತ್ತದೆ. ದಪ್ಪನೆಯ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಕೆಲವೇ ದಿನಗಳ ನಿರಾಹಾರ ಇದಕ್ಕೆ ಸಾಕು. ರೋಗ ಬಲಿತಂತೆ ಬೆಕ್ಕಿಗೆ ಹಸಿವೇ ಆಗುವುದಿಲ್ಲ. ಆದಕಾರಣ 'ಹಸಿದಾಗ ತಿನ್ನುತ್ತದೆ' ಎಂದು ಕಾಯುವುದು ವ್ಯರ್ಥ. ಒಂದು ದಿನ ಪೂರ್ತಿ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕೇಳಬೇಕು. ಎರಡನೆಯ ದಿನವೂ ಹಾಗೆಯೇ ಆದರೆ ತಡಮಾಡದೆ ಕೊಂಡೊಯ್ಯಬೇಕು.

ಸಮಾಧಾನದ ಸಂಗತಿಯೆಂದರೆ, ಈ ರೋಗಕ್ಕೆ ಮುಖ್ಯ ಔಷಧ ಆಹಾರವೇ. ಬೇಗನೆ ಗುರುತಿಸಿ ನಳಿಕೆಯ ಮೂಲಕ ಸಾಕಷ್ಟು ಆಹಾರ ಕೊಟ್ಟರೆ ಬಹುಪಾಲು ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ. ದವಡೆ ಮುರಿದಾಗ, ಬಾಯಿಯಲ್ಲಿ ಹುಣ್ಣಾದಾಗ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರವೂ ಇದೇ ಉಪಾಯ.

ನಳಿಕೆಗಳು ಎರಡು ಬಗೆ

ಮೊದಲನೆಯದು ಮೂಗಿನ ಮೂಲಕ ಅನ್ನನಾಳಕ್ಕೆ ಇಳಿಸುವ ತೆಳುವಾದ ನಳಿಕೆ. ಎಳೆಯ ಶಿಶುಗಳಿಗೆ ಬಳಸುವ ನಳಿಕೆಯನ್ನೇ ಇದಕ್ಕೂ ಬಳಸುವುದುಂಟು. ಪೂರ್ಣ ಅರಿವಳಿಕೆ ಬೇಕಾಗುವುದಿಲ್ಲ. ಆದರೆ ಇದರಲ್ಲಿ ತೀರ ತೆಳುವಾದ ದ್ರವ ಮಾತ್ರ ಇಳಿಯುತ್ತದೆ. ಕೆಲವು ದಿನಗಳ ಮಟ್ಟಿಗೆ ಇದು ಸರಿ.

ಎರಡನೆಯದು ಕುತ್ತಿಗೆಯ ಎಡಬದಿಯಲ್ಲಿ ಸಣ್ಣ ರಂಧ್ರ ಮಾಡಿ ಅನ್ನನಾಳದೊಳಗೆ ಕೂಡಿಸುವ ನಳಿಕೆ. ಇದಕ್ಕೆ ಅರಿವಳಿಕೆ ಬೇಕು. ನೋಡುವವರಿಗೆ ಭಯವೆನಿಸಿದರೂ ಬೆಕ್ಕಿಗೆ ಇದೇ ಹೆಚ್ಚು ಸುಖಕರ. ಗಾತ್ರ ದೊಡ್ಡದಾದ್ದರಿಂದ ನುಣ್ಣಗೆ ಅರೆದ ಆಹಾರ ಸಲೀಸಾಗಿ ಇಳಿಯುತ್ತದೆ. ವಾರಗಟ್ಟಲೆ, ಅಗತ್ಯಬಿದ್ದರೆ ತಿಂಗಳುಗಟ್ಟಲೆ ಇರಿಸಬಹುದು. ನಳಿಕೆ ಇರುವಾಗಲೇ ಬೆಕ್ಕು ಬಾಯಿಯಿಂದಲೂ ತಿನ್ನಬಲ್ಲದು. ತೆಗೆದ ಮೇಲೆ ರಂಧ್ರವು ಹೊಲಿಗೆಯಿಲ್ಲದೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹುನಗುಂದ, ಬಾದಾಮಿಯಂತಹ ತಾಲೂಕು ಕೇಂದ್ರಗಳ ಪಶು ಆಸ್ಪತ್ರೆಗಳು ಮುಖ್ಯವಾಗಿ ದನಕರುಗಳಿಗಾಗಿ ಇರುವಂಥವು. ಆದರೂ ಮೊದಲು ಅಲ್ಲಿಗೇ ಹೋಗುವುದು ಒಳ್ಳೆಯದು. ರೋಗವನ್ನು ಗುರುತಿಸಿ ಮುಂದಿನ ದಾರಿ ತೋರುವವರು ಅವರೇ. ನಳಿಕೆ ಹಾಕುವ ಅನುಕೂಲ ಬಾಗಲಕೋಟೆಯಲ್ಲಿ ಇದೆಯೇ, ಗದಗಿನ ಪಶುವೈದ್ಯಕೀಯ ಕಾಲೇಜಿಗೆ ಅಥವಾ ಹುಬ್ಬಳ್ಳಿಗೆ ಒಯ್ಯಬೇಕೇ ಎಂಬುದನ್ನು ಅವರಿಂದಲೇ ಕೇಳಿ ತಿಳಿದು ಹೊರಟರೆ ಅಲೆದಾಟ ತಪ್ಪುತ್ತದೆ.

ನೇಮದ ಪ್ರಶ್ನೆ

ನಮ್ಮ ಎರಡನೆಯ ಬೆಕ್ಕು ಕೆಂಪಿಗೆ ಮೋಟಾರ್ ಸೈಕಲ್ ಬಡಿದು ಕೆಳದವಡೆ ಮುರಿಯಿತು. ಈ ಸಲ ನಾವು ಕಾಯಲಿಲ್ಲ. ಕುತ್ತಿಗೆಗೆ ನಳಿಕೆ ಹಾಕಿಸಿಕೊಂಡು ಮರಳಿದೆವು. ಆದರೆ ವೈದ್ಯರು ಹೇಳಿದ ಆಹಾರವೇ ನಮಗೆ ದೊಡ್ಡ ಪ್ರಶ್ನೆಯಾಯಿತು. ಹಾಲು ಅನ್ನವಾಗಲಿ ಜೋಳದ ಅಂಬಲಿಯಾಗಲಿ ಸಾಲದು, ಮಾಂಸದಿಂದ ತಯಾರಾದ ಆಹಾರವೇ ಬೇಕು ಎಂದಿದ್ದರು. ಇಷ್ಟಲಿಂಗ ಪೂಜೆಯಿಲ್ಲದೆ ನೀರು ಮುಟ್ಟದ ಅತ್ತೆಯವರ ಮನೆಯಲ್ಲಿ ಅಂಥದ್ದು ಎಂದೂ ಹೊಸ್ತಿಲು ದಾಟಿದ್ದಿಲ್ಲ.

ವೈದ್ಯರು ಕಾರಣವನ್ನೂ ತಿಳಿಸಿದ್ದರು. ಟಾರಿನ್ ಎಂಬ ಸತ್ವವನ್ನು ಮನುಷ್ಯದೇಹ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹವು ತನಗೆ ಬೇಕಾದಷ್ಟನ್ನು ತಯಾರಿಸಲಾರದು. ಮಾಂಸ, ಮೀನುಗಳಲ್ಲಿ ಅದು ಹೇರಳ, ಧಾನ್ಯ ಕಾಯಿಪಲ್ಲೆಗಳಲ್ಲಿ ಇಲ್ಲವೆಂದೇ ಹೇಳಬೇಕು. ಅದರ ಕೊರತೆಯಿಂದ ಬೆಕ್ಕುಗಳು ಕುರುಡಾಗುತ್ತವೆಂಬುದನ್ನು 1975ರಲ್ಲಿಯೂ, ಹೃದಯದ ಸ್ನಾಯು ಸಡಿಲಗೊಂಡು ಸಾಯುತ್ತವೆಂಬುದನ್ನು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಗಜ್ಜರಿಯಲ್ಲಿರುವ ಬಣ್ಣದ ಸತ್ವವನ್ನು 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಸಾಮರ್ಥ್ಯವೂ ಬೆಕ್ಕಿಗಿಲ್ಲ. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ನಾವು ಹಾಕುವ ಹಾಲು ರೊಟ್ಟಿ ಮೇಲೋಗರವಷ್ಟೆ. ರೋಗದಿಂದ ಮಲಗಿದಾಗ ಬೇಟೆಯಿಲ್ಲ. ನಳಿಕೆಯಲ್ಲಿ ನಾವು ಹಾಕಿದ್ದೇ ಅದಕ್ಕೆ ಸರ್ವಸ್ವ.

ಅತ್ತೆಯವರು ಒಂದು ರಾತ್ರಿ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಬಂದು, "ನಮ್ಮ ನೇಮ ನಮಗ. ಅದಕ್ಯಾಕ ಹೇರತೀರಿ? ಜೀವ ಉಳೀಲಿ. ಅದರ ಪಾತ್ರಿ ಬ್ಯಾರೆ ಇಡ್ರಿ, ಅಷ್ಟ" ಎಂದರು.

ಮುಚ್ಚಿದ ಡಬ್ಬಿಗಳಲ್ಲಿ ಬರುವ, ರೋಗಿ ಬೆಕ್ಕುಗಳಿಗೆಂದೇ ತಯಾರಿಸಿದ ಆಹಾರವನ್ನು ತರಿಸಿದೆವು. ಅದಕ್ಕೆ ಪ್ರತ್ಯೇಕ ಬಟ್ಟಲು, ಪ್ರತ್ಯೇಕ ಜರಡಿ, ಹಿತ್ತಿಲ ಪಡಸಾಲೆಯಲ್ಲಿ ಪ್ರತ್ಯೇಕ ಜಾಗ. ಮನೆಯಲ್ಲಿ ಬೇಯಿಸುವ ಮಾತೇ ಬರಲಿಲ್ಲ. ಇಷ್ಟೂ ಆಗದ ಮನೆಗಳಲ್ಲಿ ನೆರೆಯವರ ಸಹಾಯ ಪಡೆಯಬಹುದು ಅಥವಾ ಗುಣವಾಗುವವರೆಗೆ ಬೆಕ್ಕನ್ನು ಅಂಥವರ ಬಳಿ ಬಿಡಬಹುದು. ಹೇಗೆಂಬುದು ಆಯಾ ಮನೆಯವರ ತೀರ್ಮಾನ. ಆದರೆ ನಮ್ಮ ನೇಮದ ಹೆಸರಿನಲ್ಲಿ ಮೂಕಪ್ರಾಣಿಯನ್ನು ಹಸಿವಿನಿಂದ ಸಾಯಗೊಡುವುದು ತೀರ್ಮಾನವಾಗಲಾರದು.

ಎಷ್ಟು ಕೊಡಬೇಕು?

ಬೆಕ್ಕಿನ ತೂಕವನ್ನು ಕಿಲೋಗ್ರಾಂಗಳಲ್ಲಿ ತಿಳಿದು, 30ರಿಂದ ಗುಣಿಸಿ, 70 ಕೂಡಿಸಿದರೆ ಮಲಗಿದ ಬೆಕ್ಕಿಗೆ ದಿನಕ್ಕೆ ಬೇಕಾಗುವ ಕ್ಯಾಲೊರಿಗಳ ಅಂದಾಜು ಸಿಗುತ್ತದೆ. 3 ಕಿಲೋ ಬೆಕ್ಕಿಗೆ ಸುಮಾರು 160 ಕ್ಯಾಲೊರಿ. ಒಂದು ಮಿ.ಲೀ. ಆಹಾರದಲ್ಲಿ ಒಂದು ಕ್ಯಾಲೊರಿ ಇದ್ದರೆ ದಿನಕ್ಕೆ 160 ಮಿ.ಲೀ.; ಐದು ಹೊತ್ತಿಗೆ ಹಂಚಿದರೆ ಪ್ರತಿ ಹೊತ್ತಿಗೆ 32 ಮಿ.ಲೀ. ಕ್ಯಾಲೊರಿಯ ಲೆಕ್ಕ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ.

ಆದರೆ ಮೊದಲ ದಿನವೇ ಪೂರ್ತಿ ಕೊಡಬಾರದು. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಹೋದರೆ ರಕ್ತದಲ್ಲಿಯ ರಂಜಕ, ಪೊಟ್ಯಾಸಿಯಂಗಳು ಹಠಾತ್ತನೆ ಇಳಿದು ಪ್ರಾಣಾಪಾಯವಾಗುತ್ತದೆ. ಸಾಮಾನ್ಯವಾಗಿ ಮೊದಲ ದಿನ ಮೂರನೆಯ ಒಂದು ಪಾಲು, ಎರಡನೆಯ ದಿನ ಮೂರನೆಯ ಎರಡು ಪಾಲು, ಮೂರನೆಯ ದಿನ ಪೂರ್ತಿ. ತೀರ ಬಳಲಿದ ಬೆಕ್ಕಿಗೆ ಇನ್ನೂ ನಿಧಾನವಾಗಿ ಏರಿಸಬೇಕು. ಇದನ್ನು ವೈದ್ಯರೇ ನಿರ್ಧರಿಸಬೇಕು.

ದಿನನಿತ್ಯದ ಕ್ರಮ

ಆಹಾರವನ್ನು ಮಿಕ್ಸರಿನಲ್ಲಿ ನುಣ್ಣಗೆ ಅರೆದು ಜರಡಿಯಲ್ಲಿ ಸೋಸಬೇಕು. ಒಂದು ಸಣ್ಣ ಗರಣಿ ಉಳಿದರೂ ನಳಿಕೆ ಕಟ್ಟಿಕೊಳ್ಳುತ್ತದೆ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಹಾಕಿಕೊಂಡು ನೋಡಬೇಕು. ತಣ್ಣಗಿದ್ದರೆ ವಾಂತಿ, ಬಿಸಿಯಿದ್ದರೆ ಒಳಗೆ ಸುಟ್ಟಗಾಯ.

ನಳಿಕೆಯು ಚರ್ಮವನ್ನು ಸೇರುವಲ್ಲಿ ವೈದ್ಯರು ಒಂದು ಗುರುತು ಮಾಡಿರುತ್ತಾರೆ. ಪ್ರತಿ ಸಲವೂ ಆ ಗುರುತು ಸ್ಥಳದಲ್ಲಿದೆಯೇ ನೋಡಬೇಕು. ಬೆಕ್ಕು ಎಚ್ಚರವಾಗಿದ್ದು, ಎದೆಯ ಮೇಲೆ ಮಲಗಿ ತಲೆ ಎತ್ತಿರಬೇಕು. ಮೊದಲು ಸಿರಿಂಜಿನಿಂದ 5 ಮಿ.ಲೀ. ಉಗುರುಬೆಚ್ಚಗಿನ ನೀರು. ಆಗ ಕೆಮ್ಮಿದರೆ, ಉಸಿರು ಕಟ್ಟಿದರೆ, ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಏನೂ ಆಗದಿದ್ದರೆ ಆಹಾರವನ್ನು 10ರಿಂದ 15 ನಿಮಿಷಗಳಷ್ಟು ಕಾಲ ನಿಧಾನವಾಗಿ ಹಾಕಬೇಕು. ಬೆಕ್ಕು ಪದೇಪದೇ ನುಂಗಿದರೆ, ಜೊಲ್ಲು ಸುರಿಸಿದರೆ ತಡೆದು ನಿಲ್ಲಬೇಕು. ಕೊನೆಗೆ ಮತ್ತೆ 5ರಿಂದ 10 ಮಿ.ಲೀ. ನೀರು ಹಾಯಿಸಿ ಮುಚ್ಚಳ ಹಾಕಬೇಕು. ಕೊನೆಯ ಈ ನೀರನ್ನು ಮರೆತರೆ ಆಹಾರ ಒಳಗೇ ಒಣಗಿ ಕಟ್ಟಿಕೊಳ್ಳುತ್ತದೆ. ಹಾಗಾದಾಗ ಬೆಚ್ಚಗಿನ ನೀರನ್ನು ಮೆಲ್ಲಗೆ ತಳ್ಳಿ, ಎಳೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬೇಕು. ತಂತಿ ತೂರಿಸಬಾರದು.

ಗಾಯದ ಪಟ್ಟಿಯನ್ನು ವೈದ್ಯರು ಹೇಳಿದಂತೆ ಬಿಚ್ಚಿ, ಕೀವು, ಬಾವು, ದುರ್ವಾಸನೆ ಇವೆಯೇ ನೋಡಿ, ಅವರು ಕೊಟ್ಟ ದ್ರಾವಣದಿಂದ ಒರೆಸಿ ಹೊಸ ಪಟ್ಟಿ ಕಟ್ಟಬೇಕು. ಅರಿಶಿನವಾಗಲಿ ವಿಭೂತಿಯಾಗಲಿ ಹಚ್ಚಬಾರದು. ನಮ್ಮ ಕಡೆಯ ಬಿಸಿಲಿನಲ್ಲಿ ಅರೆದ ಆಹಾರ ಬೇಗ ಹಳಸುತ್ತದೆ. ಅಂದಂದಿನದನ್ನು ಅಂದಂದೇ ಮಾಡಿ ಫ್ರಿಜ್ಜಿನಲ್ಲಿಡಬೇಕು. ಬಟ್ಟಲಲ್ಲಿ ಉಳಿದುದನ್ನು ಚೆಲ್ಲಬೇಕು. ಎರಡು ದಿನಕ್ಕೊಮ್ಮೆ ತೂಕ ನೋಡಿ ಬರೆದಿಡಬೇಕು. ನಾವು ನೂಲು ತೂಗುವ ತಕ್ಕಡಿಯನ್ನೇ ಬಳಸಿದೆವು.

ಮಾಡಲೇಬಾರದ ಕೆಲಸಗಳು

ಜ್ವರಕ್ಕೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಬೆಕ್ಕಿಗೆ ಎಂದಿಗೂ ಕೊಡಬಾರದು. ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರೂ ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ನಳಿಕೆಯಿಲ್ಲದ ಬೆಕ್ಕಿಗೆ ಬಾಯಿ ಬಿಡಿಸಿ ಬಲವಂತದಿಂದ ಹೊಯ್ದರೆ ಆಹಾರ ಶ್ವಾಸಕೋಶಕ್ಕೆ ಹೋಗುವ ಭಯವುಂಟು.

ಇನ್ನೊಂದು ಎಚ್ಚರಿಕೆ ಮನೆಯವರಿಗೆ. ಅನ್ನ ಬಿಟ್ಟು, ಜೊಲ್ಲು ಸುರಿಸುತ್ತ, ವಿಚಿತ್ರವಾಗಿ ವರ್ತಿಸುವ ಬೆಕ್ಕಿಗೆ ಹುಚ್ಚುರೋಗವೂ ಇದ್ದೀತು. ಅಂಥದ್ದರ ಬಾಯಿಗೆ ಕೈ ಹಾಕಬಾರದು. ಬೆಕ್ಕು ಕಚ್ಚಿದರೆ, ಪರಚಿದರೆ, ಸಾಬೂನು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ದಯೆಯೆಂಬ ಕಾಯಕ

ಕೆಂಪಿಯ ನಳಿಕೆ ಐದು ವಾರವಿತ್ತು. ಮೊದಲ ವಾರ ನನ್ನ ಕೈ ನಡುಗುತ್ತಿತ್ತು. ಎರಡನೆಯ ವಾರದಲ್ಲಿ ಮಧ್ಯಾಹ್ನದ ಹೊತ್ತನ್ನು ಅತ್ತೆಯವರೇ ವಹಿಸಿಕೊಂಡರು. ಹಿಂದೆ ಪಾರ್ಶ್ವವಾಯುವಾಗಿ ಮಲಗಿದ್ದ ಮಾವನವರಿಗೆ ಮೂಗಿನ ನಳಿಕೆಯಿಂದ ಗಂಜಿ ಹಾಕಿದ ಕೈಗಳು ಅವು. ಅವಸರ ಮಾಡಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕನೆಯ ವಾರದಲ್ಲಿ ಕೆಂಪಿ ತಾನಾಗಿ ಬಟ್ಟಲು ನೆಕ್ಕಿತು. ವಾರಕ್ಕೂ ಹೆಚ್ಚು ಕಾಲ ಬಾಯಿಯಿಂದಲೇ ತಿಂದು ತೂಕ ಇಳಿಯದಿದ್ದುದನ್ನು ನೋಡಿ ವೈದ್ಯರು ನಳಿಕೆ ತೆಗೆದರು.

ಎಲ್ಲ ಬೆಕ್ಕುಗಳೂ ಹೀಗೆ ಉಳಿಯುವುದಿಲ್ಲ. ಮೂತ್ರಪಿಂಡ ಸೋತ, ಅರ್ಬುದ ಬಲಿತ ಬೆಕ್ಕಿಗೆ ನಳಿಕೆ ನರಳಾಟವನ್ನು ಉದ್ದ ಮಾಡೀತು. ಆಗ ನಿಲ್ಲಿಸುವ ಮಾತನ್ನು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಆಡುವುದೂ ದಯೆಯೇ.

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ಇರುವುದು ನಮ್ಮ ಹುನಗುಂದ ಸೀಮೆಯಲ್ಲಿ. ಅಣ್ಣ ಬಸವಣ್ಣನವರು ಕಲಿತು, ಕೊನೆಗೆ ಐಕ್ಯರಾದ ನೆಲವದು. ಕರೆಯುವ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಒರಲುವವಲ್ಲ ಎಂದು ಮರುಗಿ ಕರುಗಳನ್ನೂ ಅವರಿಗೇ ಕೊಡಿಸಿದರೆಂಬ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಹಸು ಯಾರದೆಂಬುದಕ್ಕಿಂತ ಕರುವಿಗೆ ಏನು ಬೇಕೆಂಬುದು ಅವರಿಗೆ ಮೊದಲು ಕಂಡಿತು. ದಾಸೋಹವೆಂದರೂ ಹೀಗೆಯೇ ಅಲ್ಲವೇ? ಬಂದವರ ಹಸಿವಿಗೆ ತಕ್ಕುದನ್ನು ನೀಡುವುದು. ಮನೆಯ ಬೆಕ್ಕು ಬಟ್ಟಲಿಗೆ ಬೆನ್ನು ತಿರುಗಿಸಿ ಕುಳಿತ ದಿನ, ಉಪವಾಸವಿರಲೆಂದು ಸುಮ್ಮನಾಗದಿರಿ. ಅದೇ ದಿನ ವೈದ್ಯರನ್ನು ಕೇಳಿರಿ.