ಗೊರಗುಟ್ಟುವ ಸ್ಟಿಯರಿಂಗ್, ಮಾತು ಕೇಳದ ಬಾಗಿಲು

ಪ್ರಶ್ನೆ: ನನ್ನ ಹಳೆಯ ಪಿಕಪ್ ಟ್ರಕ್ಕಿನ ಸ್ಟಿಯರಿಂಗ್ ತಿರುಗಿಸಿದರೆ ಗೊರಗುಟ್ಟುತ್ತದೆ. ಚಾಲಕನ ಬಾಗಿಲಿನ ಪವರ್ ವಿಂಡೋ, ಲಾಕ್ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತವೆ. ಎರಡಕ್ಕೂ ನಂಟಿದೆಯೇ?

ಉತ್ತರ: ಹೈಡ್ರಾಲಿಕ್ ಸ್ಟಿಯರಿಂಗ್ ಆದರೆ ಬಹುಮಟ್ಟಿಗೆ ಇಲ್ಲ. ಕೊನೆಯವರೆಗೆ ತಿರುಗಿಸಿ ಹಿಡಿದಾಗ ಮಾತ್ರ ಸದ್ದಾದರೆ ಅದು ಪಂಪಿನ ರಿಲೀಫ್ ವಾಲ್ವಿನದು, ಚಿಂತೆ ಬೇಡ. ಹಾಗೆಂದು ಹಿಡಿದೇ ಇರಬೇಡಿ, ಎಣ್ಣೆ ಕಾಯುತ್ತದೆ. ಎಲ್ಲ ತಿರುವಿನಲ್ಲೂ ಗೊರಗುಟ್ಟಿದರೆ ಸ್ಟಿಯರಿಂಗ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ನೋಡಿ. ನೊರೆ ಕಂಡರೆ ಗಾಳಿ ಹೊಕ್ಕಿದೆ. ಸೋರಿಕೆ ಮುಚ್ಚಿ, ಎಣ್ಣೆ ತುಂಬಿ, ಮುಂಚಕ್ರಗಳನ್ನು ಎತ್ತಿ, ಎಂಜಿನ್ ಆರಿಸಿಯೇ ಎಡ ಬಲ ನಿಧಾನ ತಿರುಗಿಸಿ. ಕಿರ್ರೆಂದರೆ ಬೆಲ್ಟ್. ಟಕ್ಕೆಂದರೆ ಟೈ ರಾಡ್ ತುದಿ ಸವೆದಿರಬಹುದು. ಅದನ್ನು ನಾಳೆಗೆ ಬಿಡಬೇಡಿ.

ಬಾಗಿಲಿಗೆ ಬಂದರೆ, ಮೋಟಾರ್ ಬದಲಿಸಿ ಎನ್ನುವವರ ಮಾತು ಸದ್ಯಕ್ಕೆ ಕೇಳಬೇಡಿ. ಫ್ಯೂಸ್ ಸರಿಯಿದ್ದರೆ, ಸ್ವಿಚ್ ಒತ್ತಿಕೊಂಡೇ ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಿ. ಒಂದು ಕೋನದಲ್ಲಿ ಜೀವ ಬಂದರೆ, ಕೀಲಿನ ಬಳಿಯ ರಬ್ಬರ್ ತೋಳಿನೊಳಗೆ ತಂತಿ ಮುರಿದಿದೆ. ದಿನವೂ ಮಡಚುವ ಜಾಗ ಅದು. ಅಲ್ಲೇ ಬೆಸುಗೆ ಹಾಕಿದರೆ ತಂತಿ ಗಡುಸಾಗಿ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬ್ಯಾಟರಿ ಕಳಚಿ, ಸಣ್ಣ ಎಳೆಗಳ ಹೊಸ ತಂತಿಯನ್ನು ತೋಳಿನ ಆಚೀಚೆ ಜೋಡಿಸಿ.