ನಡಿಗೆಗೆ ಮೊದಲು ಕೂರುವ ಪಾಠ

ಪಾರ್ಶ್ವವಾಯು ಬಡಿದವರು ಆಸ್ಪತ್ರೆಯಿಂದ ಮನೆಗೆ ಬಂದೊಡನೆ ನೆಂಟರಿಷ್ಟರು ಕೇಳುವ ಪ್ರಶ್ನೆ ಒಂದೇ: "ಯಾವಾಗ ನಡೆಯುತ್ತಾರೆ?" ಪ್ರಶ್ನೆ ಸಹಜವೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಅವರು ಆಧಾರವಿಲ್ಲದೆ ಎಷ್ಟು ಹೊತ್ತು ನೆಟ್ಟಗೆ ಕೂರಬಲ್ಲರು?

ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳಿಂದ ಮಿದುಳಿಗೆ ಸದಾ ಸುದ್ದಿ ಹೋಗುತ್ತಿರುತ್ತದೆ. ಮಿದುಳು ಅದನ್ನು ಹೊಂದಿಸಿಕೊಂಡು ಬೆನ್ನು, ಸೊಂಟ, ಕಾಲುಗಳ ಸ್ನಾಯುಗಳನ್ನು ದುಡಿಸುತ್ತದೆ. ಇದೇ ಸಮತೋಲ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಕೈಕಾಲಿನ ಬಲದ ಜೊತೆಗೆ ಈ ಹೊಂದಾಣಿಕೆಯೂ ಕೆಡಬಹುದು. ಅಂಥವರನ್ನು ಅವಸರದಿಂದ ನಡೆಸಲು ಹೋದರೆ ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯವಿದೆ.

ಸಮತೋಲವನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಕೆನಡಾದ ಕ್ಯಾಥರೀನ್ ಬರ್ಗ್ ಅವರು 1989ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ 14 ಪರೀಕ್ಷೆಗಳಿವೆ; ಒಂದೊಂದಕ್ಕೂ 4ರಂತೆ ಒಟ್ಟು 56 ಅಂಕ. ಕೂರುವುದು, ಏಳುವುದು, ಕಣ್ಣು ಮುಚ್ಚಿ ನಿಲ್ಲುವುದು, ಮುಂದಕ್ಕೆ ಕೈ ಚಾಚುವುದು ಇವೆಲ್ಲ ಅದರಲ್ಲಿ ಸೇರಿವೆ. ಕುರ್ಚಿ, ಗಡಿಯಾರ, ಅಳತೆಪಟ್ಟಿ, ಒಂದು ಮೆಟ್ಟಿಲು ಇದ್ದರೆ ಸಾಕು.

ಚಾಮರಾಜನಗರದಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ಆದರೆ ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರಿಂದ, ತೆರಕಣಾಂಬಿ ದಾಟಿ, ಒಂದು ಪಕ್ಕದ ಸ್ವಾಧೀನ ತಪ್ಪಿದವರನ್ನು ಬಸ್ಸಿನಲ್ಲಿ ದಿನವೂ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯುವುದು ಸುಲಭವೇ? ಕೂಲಿ ಬಿಟ್ಟು ಜೊತೆಗೆ ಹೋಗುವವರಾದರೂ ಯಾರು? ಆದುದರಿಂದ ವೈದ್ಯರ ಹಾಗೂ ಫಿಸಿಯೊಥೆರಪಿಸ್ಟರ ಬಳಿ ಕ್ರಮ ಕಲಿತು ಮನೆಯಲ್ಲಿ ನಿತ್ಯ ಅಭ್ಯಾಸ ಮಾಡಿಸುವುದು ಮುಖ್ಯ. ಚೇತರಿಕೆಯ ವೇಗ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲೇ ಹೆಚ್ಚು.

ಪಾದಗಳು ನೆಲಕ್ಕೆ ಊರುವಷ್ಟು ಎತ್ತರದ ಜಗಲಿ ಅಥವಾ ಗಟ್ಟಿ ಬೆಂಚಿನ ಮೇಲೆ ಅವರನ್ನು ಕೂರಿಸಿ. ನೀವು ಸ್ವಾಧೀನ ತಪ್ಪಿದ ಪಕ್ಕದಲ್ಲೇ ಇರಿ. ಸಮತೋಲ ಬಂದಂತೆ ಒಂದು ಲೋಟವನ್ನು ಕೈಗೆ ಎಟಕುವುದಕ್ಕಿಂತ ತುಸು ಆಚೆ ಇಟ್ಟು ತೆಗೆದುಕೊಳ್ಳಲು ಹೇಳಿ; ಮೊದಲು ಮುಂದೆ, ಆಮೇಲೆ ಅಕ್ಕಪಕ್ಕಕ್ಕೆ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಕೂಡ ಒಳ್ಳೆಯ ಅಭ್ಯಾಸವೇ.

ಕೂರುವುದು ಗಟ್ಟಿಯಾದ ಮೇಲೆ ಏಳುವ ಅಭ್ಯಾಸ. ಪಾದಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಎರಡೂ ಕಾಲಿಗೆ ಭಾರ ಕೊಟ್ಟು ಏಳಬೇಕು. ನೀವು ಸೊಂಟದ ಬಳಿ ಹಿಡಿಯಿರಿ. ಸೋತ ಕೈಯನ್ನು ಹಿಡಿದು ಎಬ್ಬಿಸಲೇಬೇಡಿ. ಹಾಗೆ ಎಳೆದರೆ ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಕೆಲವರು ಸೋತ ಪಕ್ಕಕ್ಕೇ ವಾಲುತ್ತಾರೆ. ಸರಿಪಡಿಸಲು ಹೋದರೆ ಒಳ್ಳೆಯ ಕೈಯಿಂದ ಎದುರು ತಳ್ಳುತ್ತಾರೆ. ಇದು ಹಟವಲ್ಲ. ತಮ್ಮ ಮೈ ನೆಟ್ಟಗಿದೆಯೇ ಎಂಬ ಅರಿವೇ ಅವರಲ್ಲಿ ಓರೆಯಾಗಿರುತ್ತದೆ. ಅಚ್ಚರಿಯೆಂದರೆ, ಹೊರಗಿನ ವಸ್ತು ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ಅವರ ಕಣ್ಣು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸುತ್ತದೆ. ಆದುದರಿಂದ ಬಲವಂತ ಮಾಡದೆ, ಎದುರಿನ ಬಾಗಿಲ ಚೌಕಟ್ಟನ್ನೋ ಕಂಬವನ್ನೋ ತೋರಿಸಿ, "ಅದರ ನೇರಕ್ಕೆ ಬನ್ನಿ" ಎನ್ನಿ.

ಹೊಸ್ತಿಲ ಬಳಿ, ಬಚ್ಚಲಲ್ಲಿ ಎಚ್ಚರವಿರಲಿ. ಕುಕ್ಕರಗಾಲಲ್ಲಿ ಕೂರುವ ಕಕ್ಕಸಿನ ಬದಲು ಕಮೋಡ್ ಕುರ್ಚಿ ಬಳಸುವುದು ಕ್ಷೇಮ. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲು ಸೋಲುವುದು ಮತ್ತೆ ಹಠಾತ್ತನೆ ಕಂಡರೆ ಅಭ್ಯಾಸ ನಿಲ್ಲಿಸಿ ಕೂಡಲೇ 108ಕ್ಕೆ ಕರೆ ಮಾಡಿ.

ವಾರಕ್ಕೊಮ್ಮೆ, ಯಾರೂ ಹಿಡಿಯದೆ ಅವರು ಎಷ್ಟು ಸೆಕೆಂಡು ಕೂತರು, ಎಷ್ಟು ಸಲ ಎದ್ದರು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನು ತೋರಿಸಿ. "ಪರವಾಗಿಲ್ಲ" ಎಂಬ ಮಾತಿಗಿಂತ, ಹತ್ತು ಸೆಕೆಂಡು ಎರಡು ನಿಮಿಷವಾಯಿತೆಂಬ ಲೆಕ್ಕ ವೈದ್ಯರಿಗೆ ಹೆಚ್ಚು ಉಪಯುಕ್ತ. ರೋಗಿಗೂ ಅದು ಧೈರ್ಯ ಕೊಡುತ್ತದೆ.